ಆಪರೇಷನ್ ಯಾವಾಗಲೂ ಅವಳಿಗೇ ಯಾಕೆ?

ಇವತ್ತು ಬೆಳಿಗ್ಗೆ ಮುಂಬೈ ಲೋಕಲ್ ಟ್ರೈನು ಡೊಂಬಿವಲಿ ಫಾಸ್ಟ್‌ನ ಲೇಡೀಸ್ ಡಬ್ಬಾದಲ್ಲಿ ಕಾಲಿಡಲು ಜಾಗ ಇರಲಿಲ್ಲ. ನೂಕಾಟದಲ್ಲಿ ಒಬ್ಬರು ಸಿಟ್ಟಿಗೆದ್ದು, "ಮೂರನೇ ಮಗು ಹುಟ್ಟಿದರೆ ರೇಷನ್ ಕಾರ್ಡ್ ಕಿತ್ಕೋಬೇಕು, ಆಗ ಬುದ್ಧಿ ಬರುತ್ತೆ" ಅಂದರು. ಸುತ್ತ ಇದ್ದವರೆಲ್ಲ ಹೌದೌದು ಅಂದರು. ಅವರ ಪಕ್ಕದಲ್ಲೇ ಕ್ಲಿಪ್ಪು, ರಬ್ಬರ್ ಬ್ಯಾಂಡ್ ಮಾರುವ ಹೆಂಗಸು ನಿಂತಿದ್ದಳು. ಅಫಜಲಪುರದ ಕಡೆಯವಳು, ನನ್ನನ್ನು ಕಂಡರೆ ಕನ್ನಡದಲ್ಲೇ ಮಾತು. ಕ್ಲಿಪ್ಪಿನ ರಟ್ಟನ್ನು ಎದೆಗೆ ಒತ್ತಿ ಹಿಡಿದು ತಲೆ ತಗ್ಗಿಸಿದಳು. ಅವಳಿಗೆ ನಾಲ್ಕು ಮಕ್ಕಳು.

ಹಿಂದೊಮ್ಮೆ ಅವಳೇ ಹೇಳಿದ್ದಳು. "ಹದಿನಾರಕ್ಕ ಲಗ್ನ ಆತು ಅಕ್ಕಾ. ಮೂರೂ ಹೆಣ್ಣು. ಗಂಡು ಆಗೂ ತನಕಾ ಅತ್ತಿ ಬಿಡಲಿಲ್ಲ. ಆಮ್ಯಾಲ ಮಕ್ಕಳಾಗದಂಗ ಆಪರೇಷನ್ ನಂಗೇ ಆತು. ನೀವು ಮಾಡಿಸ್ಕೋರಿ ಅಂತ ಗಂಡಗ ಅಂದ್ರ, ದುಡಿಯೋ ಶಕ್ತಿ ಹೋಗ್ತದ ಅಂದ್ರು."

ಇವಳ ರೇಷನ್ ಕಿತ್ತುಕೊಂಡರೆ ಬುದ್ಧಿ ಯಾರಿಗೆ ಬರುತ್ತದೆ? ಅತ್ತೆಗಾ? ಗಂಡನಿಗಾ? ಹಸಿದು ಮಲಗುವುದು ಆ ಮಕ್ಕಳು.

ಕಾನೂನೇ ಇಲ್ಲ ಅಂತಲ್ಲ. ಮಹಾರಾಷ್ಟ್ರದಲ್ಲಿ ಮೂರನೇ ಮಗುವಾದರೆ ಪಂಚಾಯ್ತಿ ಚುನಾವಣೆಗೆ ನಿಲ್ಲುವಂತಿಲ್ಲ ಅಂತ ಎಷ್ಟೋ ವರ್ಷದಿಂದ ಇದೆ, 2005ರಲ್ಲಿ ಸರ್ಕಾರಿ ನೌಕರಿಗೂ ಅದೇ ನಿಯಮ ಬಂತು. ಮೂರನೇ ಹೆರಿಗೆ ಬೇಕಾ ಬೇಡವಾ ಅಂತ ಹೇಳುವ ಹಕ್ಕೇ ಇಲ್ಲದವಳು ಪಂಚಾಯ್ತಿ ಸೀಟನ್ನೂ ಕಳೆದುಕೊಳ್ಳಬೇಕಾ?

ಇನ್ನು ಟ್ರೈನಿನ ರಶ್ಶು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ನಮ್ಮ ಕರ್ನಾಟಕದಲ್ಲೂ ಅಷ್ಟೇ. ರಶ್ಶಿಗೆ ಕಾರಣ ಹೆರಿಗೆಯಲ್ಲ, ಊರಲ್ಲಿ ಕೆಲಸ ಇಲ್ಲ ಅಂತ ಜನ ಇಲ್ಲಿಗೆ ಬರುತ್ತಾರೆ. ನಾನೂ ಹಾಗೇ ಬಂದವಳು ಅಲ್ವಾ?

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಜನಕ್ಕೆ ಆಪರೇಷನ್ ಆಗಿದೆ. ಗಂಡ ಮಾಡಿಸಿಕೊಂಡ ಮನೆ ನೂರಕ್ಕೆ ಒಂದೂ ಇಲ್ಲ! ಗಂಡಸರದ್ದು ಹೊಟ್ಟೆ ಕೊಯ್ಯದ ಸಣ್ಣ ಆಪರೇಷನ್. ಅವತ್ತೇ ಮನೆಗೆ ಬರಬಹುದು, ಶಕ್ತಿಯೂ ಹೋಗುವುದಿಲ್ಲ. 1975-77ರ ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಎಳೆದೊಯ್ದು ಮಾಡಿದರಲ್ಲ, ಆ ಭಯ ಇನ್ನೂ ಇದೆ. ಬಲವಂತ ಮಾಡಿದರೆ ಆಗುವುದು ಇಷ್ಟೇ.

ಚೀನಾ ಮಾಡಲಿಲ್ವಾ ಅಂತ ಕೇಳುತ್ತೀರಿ, ಗೊತ್ತು. ಅದೇ ಚೀನಾ 2015ರಲ್ಲಿ ಒಂದೇ ಮಗು ನಿಯಮ ಕೈಬಿಟ್ಟಿತು, 2021ರಲ್ಲಿ ಮೂರು ಮಕ್ಕಳಾಗಲಿ ಅಂದಿತು. ಇಲ್ಲಿ ಆಂಧ್ರವೂ ಸ್ಥಳೀಯ ಚುನಾವಣೆಯ ಎರಡು ಮಕ್ಕಳ ನಿಯಮವನ್ನು 2024ರಲ್ಲಿ ತೆಗೆದುಹಾಕಿತು.

ಕಾನೂನು ಮಾಡಲೇಬೇಕಾ? ಮಾಡಿ. ಹೆಣ್ಣುಮಗು ಹನ್ನೆರಡನೇ ಕ್ಲಾಸ್ ಮುಗಿಸುವ ತನಕ ಸ್ಕೂಲು, ಹಾಸ್ಟೆಲು, ಬಸ್ಸು ಸರ್ಕಾರದ ಹೊಣೆ ಅಂತ ಮಾಡಿ. ಹದಿನೆಂಟರ ಮೊದಲು ಮದುವೆ ಮಾಡಿಸಿದವರನ್ನು ನಿಜವಾಗಿ ಹಿಡಿಯಿರಿ. ಗರ್ಭ ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಆ ಕ್ಲಿಪ್ಪಿನವಳಿಗೆ ಅದರ ಹೆಸರೇ ಗೊತ್ತಿರಲಿಲ್ಲ.

ನನ್ನದೂ ಬೇರೆ ಕಥೆಯಲ್ಲ. ಎರಡನೇ ಹೆರಿಗೆ ಆದಾಗ ಹಾಸಿಗೆಯಲ್ಲೇ ಫಾರ್ಮ್ ತಂದು ಸಹಿ ಹಾಕಿಸಿಕೊಂಡರು. ನಮ್ಮವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಮುಂದಿನ ತಿಂಗಳು ಸೊಸೆಗೆ ಎರಡನೇ ಹೆರಿಗೆ. ಇವತ್ತು ರಾತ್ರಿ ಊಟ ಆದಮೇಲೆ ಮಗನನ್ನು ಕೂರಿಸಿಕೊಂಡು ಈ ಮಾತು ತೆಗೆಯುತ್ತೇನೆ. ಮೊದಲು ಅವನ ಹತ್ತಿರ.