ಬೈಯೋದು ಅಪ್ಪನಿಗೆ, ಮುದ್ದು ಅಮ್ಮನಿಗೆ ಅಂತ ಹಂಚಬೇಡಿ

"ಇರು, ಅಪ್ಪ ಬರಲಿ, ಹೇಳ್ತೀನಿ." ಈ ಮಾತು ಕೇಳದೆ ಬೆಳೆದವರು ಕಡಿಮೆ. ಮಗುವಿಗೆ ಮನೆಯಲ್ಲಿ ಒಬ್ಬರದಾದರೂ ಹೆದರಿಕೆ ಇರಲಿ ಅನ್ನೋದು ಇದರ ಹಿಂದಿನ ಲೆಕ್ಕ. ಒಬ್ಬರು ಬೈಯಬೇಕು, ಇನ್ನೊಬ್ಬರು ಸಮಾಧಾನ ಮಾಡಬೇಕು, ಆಗ ಸರಿಹೋಗುತ್ತದೆ ಅಂತ ಹಿರಿಯರೂ ಹೇಳುತ್ತಾರೆ. ನಾನು ಇದನ್ನು ಒಪ್ಪೋದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲು ಆ ಮಾತು ಆಡಿದ ಅಮ್ಮನ ಕಡೆಯಿಂದ ನೋಡಿ. ನನ್ನ ಮಾತಿಗೆ ಬೆಲೆಯಿಲ್ಲ ಅಂತ ಮಗುವಿನ ಮುಂದೆ ಅವರೇ ಹೇಳಿದ ಹಾಗಾಯಿತು. ಇನ್ನು ಅಪ್ಪ. ಸಂಜೆ ನಾಲ್ಕಕ್ಕೆ ನಡೆದ ಜಗಳಕ್ಕೆ ರಾತ್ರಿ ಎಂಟಕ್ಕೆ ಬಂದು ಸಿಟ್ಟು ಮಾಡಬೇಕು. ಏನಾಯಿತು ಅಂತ ಕಣ್ಣಾರೆ ನೋಡಿಲ್ಲ, ಮಗುವಿಗೂ ಅಷ್ಟು ಹೊತ್ತಿಗೆ ಅರ್ಧ ಮರೆತುಹೋಗಿರುತ್ತದೆ. ಆದರೂ ಬೈಯಲೇಬೇಕು, ಯಾಕಂದ್ರೆ ಅದು ಅವರ ಪಾಲಿಗೆ ಬಂದ ಕೆಲಸ. ಹೀಗೆ ಕೆಲವು ವರ್ಷ ನಡೆದರೆ ಸಾಕು, ಬಾಗಿಲ ಸದ್ದಾದ ಕೂಡಲೇ ಮಗು ಎದ್ದು ಒಳಗೆ ಹೋಗುತ್ತದೆ. ಮಕ್ಕಳು ನನ್ನ ಹತ್ತಿರ ಮಾತೇ ಆಡಲ್ಲ ಅಂತ ಕೊರಗುವ ಎಷ್ಟೋ ಅಪ್ಪಂದಿರು ನಿಜಕ್ಕೂ ಮಕ್ಕಳ ಮೇಲೆ ಜೀವ ಇಟ್ಟುಕೊಂಡವರೇ. ಅದನ್ನು ತೋರಿಸುವ ಜಾಗವೇ ಅವರಿಗೆ ಸಿಗಲಿಲ್ಲ.

ಮಗು ಏನು ಕಲಿಯುತ್ತದೆ? ಹತ್ತು ವರ್ಷದ ಹುಡುಗ ಗಣಿತದ ಟೆಸ್ಟ್ ಪೇಪರನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳದಲ್ಲಿಟ್ಟುಕೊಂಡು ಬರುತ್ತಾನೆ ಅಂದುಕೊಳ್ಳಿ. ಅಮ್ಮನಿಗೆ ಒಬ್ಬರಿಗೇ ತೋರಿಸುತ್ತಾನೆ. ಅಮ್ಮ ಒಂದು ಸಲ ಬಾಗಿಲ ಕಡೆ ನೋಡಿ, ಬೇಗ ಬೇಗ ಸಹಿ ಹಾಕಿ, "ಅಪ್ಪನಿಗೆ ಹೇಳಬೇಡ, ಮುಂದಿನ ಸಲ ಚೆನ್ನಾಗಿ ಬರಿ" ಅಂತಾರೆ. ಪ್ರೀತಿಯಿಂದಲೇ ಮಾಡಿದ್ದು, ಅನುಮಾನವಿಲ್ಲ. ಆದರೆ ಆ ಹುಡುಗನಿಗೆ ಯಾವ ಲೆಕ್ಕ ಅರ್ಥವಾಗಲಿಲ್ಲ ಅಂತ ಯಾರೂ ಕೇಳಲಿಲ್ಲ. ಅಪ್ಪನಿಂದ ಏನು ಮುಚ್ಚಿಡಬೇಕು ಅನ್ನೋದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಚಿಕ್ಕ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಗಮನಿಸಿ ಬೆಳೆಸುವ ರೀತಿಯನ್ನು ಮೂರಾಗಿ ವಿಂಗಡಿಸಿದರು. ಹೇಳಿದ್ದು ಕೇಳು, ಎದುರು ಮಾತಾಡಬೇಡ ಅನ್ನುವವರು. ಏನು ಬೇಕಾದರೂ ಮಾಡಲಿ ಅಂತ ಬಿಟ್ಟುಬಿಡುವವರು. ನಿಯಮ ಇಟ್ಟು, ಅದರ ಕಾರಣವನ್ನೂ ಹೇಳಿ, ಮಗುವಿನ ಮಾತಿಗೂ ಕಿವಿಕೊಡುವವರು. 1983ರಲ್ಲಿ ಎಲಿನಾರ್ ಮ್ಯಾಕೊಬಿ ಮತ್ತು ಜಾನ್ ಮಾರ್ಟಿನ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ಎರಡು ಅಳತೆಗಳಲ್ಲಿ ನೋಡಿದರು. ಮಗುವಿನಿಂದ ಎಷ್ಟು ನಿರೀಕ್ಷಿಸುತ್ತೀರಿ ಅನ್ನೋದು ಒಂದು, ಮಗುವಿಗೆ ಎಷ್ಟು ಸ್ಪಂದಿಸುತ್ತೀರಿ ಅನ್ನೋದು ಇನ್ನೊಂದು. ಎರಡೂ ಇಲ್ಲದವರು, ಅಂದರೆ ಮಗುವಿನ ಗೊಡವೆಗೇ ಹೋಗದವರು, ನಾಲ್ಕನೆಯ ಗುಂಪಾದರು.

ಇಲ್ಲಿ ನನಗೆ ಮುಖ್ಯ ಅನಿಸಿದ್ದು, ಇವು ಎರಡು ಬೇರೆ ಬೇರೆ ಅಳತೆ. ಶಿಸ್ತು ಜಾಸ್ತಿಯಾದರೆ ಪ್ರೀತಿ ಕಡಿಮೆಯಾಗಲೇಬೇಕು ಅಂತೇನಿಲ್ಲ. ಆದರೆ ನಾವು ಹಾಗೇ ನಂಬಿಕೊಂಡು ಬಂದಿದ್ದೇವೆ. 1928ರಲ್ಲಿ ಜಾನ್ ವಾಟ್ಸನ್ ಅನ್ನುವ ದೊಡ್ಡ ಹೆಸರಿನ ಮನಶ್ಶಾಸ್ತ್ರಜ್ಞರು, ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಬೆಳಿಗ್ಗೆ ಕೈ ಕುಲುಕಿದರೆ ಸಾಕು ಅಂತ ತಾಯಂದಿರಿಗೆ ಬುದ್ಧಿ ಹೇಳಿದ್ದರು. ಮುದ್ದು ಮಾಡಿದರೆ ಮಗು ಕೆಡುತ್ತದೆ ಅನ್ನುವ ಭಯ ಅಷ್ಟು ಹಳೆಯದು. ಆ ಭಯದಿಂದಲೇ ಅಲ್ವಾ ನಾವು ಎರಡನ್ನೂ ಇಬ್ಬರಿಗೆ ಹಂಚಿಬಿಡೋದು?

ಎರಡೂ ಒಬ್ಬರಲ್ಲೇ ಇದ್ದರೆ ಹೇಗಿರುತ್ತದೆ? ರಾತ್ರಿ ಮಲಗುವ ಹೊತ್ತು, ಮಗು ಫೋನಿನಲ್ಲಿ ಆಟ ಆಡ್ತಾ ಇದೆ. "ಆಟ ಅರ್ಧದಲ್ಲಿದೆ ಅಂತ ಗೊತ್ತು, ಬೇಜಾರಾಗುತ್ತೆ. ಈ ಲೆವೆಲ್ ಮುಗಿಸು, ಆಮೇಲೆ ಫೋನ್ ನನ್ನ ಕೈಗೆ ಕೊಡು." ಲೆವೆಲ್ ಮುಗೀತು, ಮಗು ಕೊಡಲ್ಲ ಅಂತ ಅಳುತ್ತದೆ. ಅಳಲಿ. ಪಕ್ಕದಲ್ಲಿ ಕೂತಿರಿ, ಗದರಿಸಬೇಡಿ, ಫೋನನ್ನೂ ವಾಪಸ್ ಕೊಡಬೇಡಿ. ಇದು ಕಷ್ಟ. ದಿನವಿಡೀ ದುಡಿದು ಸುಸ್ತಾದ ಮೇಲೆ ಕೂಗಾಡೋದು ಅಥವಾ ಫೋನ್ ಕೊಟ್ಟು ಸುಮ್ನಾಗೋದು ಇದಕ್ಕಿಂತ ಸುಲಭ. ಆದರೆ ಅಳುತ್ತಿರುವಾಗಲೂ ಜೊತೆಗಿದ್ದು, ಇಲ್ಲ ಅಂದದ್ದನ್ನು ಇಲ್ಲ ಅಂತಲೇ ಉಳಿಸಿಕೊಳ್ಳುವ ಒಬ್ಬ ಮನುಷ್ಯ ಮಗುವಿಗೆ ಬೇಕು. ಆ ಕೆಲಸ ಅಪ್ಪನಿಗೂ ಬರುತ್ತದೆ, ಅಮ್ಮನಿಗೂ ಬರುತ್ತದೆ.

ಒಬ್ಬರೇ ಮಕ್ಕಳನ್ನು ಬೆಳೆಸುತ್ತಿರುವವರನ್ನು ನೋಡಿ. ಅವರಿಗೆ ಹಂಚಿಕೊಳ್ಳಲು ಯಾರೂ ಇಲ್ಲ. ಬೆಳಿಗ್ಗೆ ಬೈದವರೇ ಮಧ್ಯಾಹ್ನ ಊಟ ಬಡಿಸಬೇಕು, ರಾತ್ರಿ ಜ್ವರ ಬಂದರೆ ತಲೆ ನೇವರಿಸಬೇಕು. "ಅಯ್ಯೋ ಪಾಪ, ಹೆದರಿಸೋಕೆ ಮನೆಯಲ್ಲಿ ಗಂಡಸಿಲ್ಲ" ಅಂತ ಅವರ ಬಗ್ಗೆ ಮರುಕ ತೋರಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅವರಲ್ಲಿ ಎಷ್ಟೋ ಜನ ಇಬ್ಬರಿರುವ ಮನೆಗಳಿಗಿಂತ ಚೆನ್ನಾಗಿ ಇದನ್ನು ನಿಭಾಯಿಸುತ್ತಾರೆ.

ಎಲ್ಲ ಮಕ್ಕಳೂ ಒಂದೇ ಥರ ಅಲ್ಲ, ಅದೂ ನಿಜ. ಅಲೆಗ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಅನ್ನುವ ಮನೋವೈದ್ಯ ದಂಪತಿ 1950ರ ದಶಕದಿಂದ ನ್ಯೂಯಾರ್ಕಿನಲ್ಲಿ ಮಕ್ಕಳನ್ನು ಹಸುಗೂಸುಗಳಾಗಿದ್ದಾಗಿನಿಂದ ವರ್ಷಗಟ್ಟಲೆ ಗಮನಿಸಿದರು. ಬೇಗ ಹೊಂದಿಕೊಳ್ಳುವುದು, ಹಟ ಮಾಡುವುದು, ಹೊಸದಕ್ಕೆ ಹಿಂಜರಿಯುವುದು, ಇವೆಲ್ಲ ಎಳೆತನದಲ್ಲೇ ಕಾಣಿಸುತ್ತವೆ ಅಂತ ತೋರಿಸಿದರು. ಹಾಗಾಗಿ ಅಕ್ಕನಿಗೆ ಒಂದು ಮಾತು ಸಾಕಾದಲ್ಲಿ ತಮ್ಮನಿಗೆ ಹತ್ತು ಸಲ ಹೇಳಬೇಕಾಗಬಹುದು. ಅದು ನಿಮ್ಮ ಸೋಲೂ ಅಲ್ಲ, ಅವನ ಕೊಬ್ಬೂ ಅಲ್ಲ.

ಗಂಡ ಹೆಂಡತಿಗೆ ಎಲ್ಲದರಲ್ಲೂ ಒಮ್ಮತ ಇರಬೇಕು ಅಂತ ನಾನು ಹೇಳ್ತಿಲ್ಲ. ಮಗು ಮಲಗಿದ ಮೇಲೆ ಜಗಳವಾಡಿ, ಬೆಳಗಾಗುವಷ್ಟರಲ್ಲಿ ನಿಯಮ ಬದಲಾಯಿಸಿ, ತೊಂದರೆಯಿಲ್ಲ. ಹಾಗೆ ಬದಲಾಯಿಸಿದರೆ ಇಬ್ಬರೂ ಕೂತು ಮಗುವಿಗೆ ಹೇಳಿ. ಅಪ್ಪಂದಿರಿಗೆ ಇನ್ನೊಂದು ಮಾತು. ಸಂಜೆ ಮನೆಗೆ ಬಂದ ಕೂಡಲೇ ದೂರು ಕಾದಿದ್ದರೆ, ಅದನ್ನು ಕೇಳಿಸಿಕೊಳ್ಳಿ, ಆದರೆ ಶಿಕ್ಷೆ ಕೊಡುವ ಗುತ್ತಿಗೆ ಹಿಡಿಯಬೇಡಿ. "ನೀನು ಏನು ಹೇಳಿದ್ಯೋ ಅದೇ ಆಗಲಿ, ನಾನು ನಿನ್ನ ಜೊತೆಗಿದ್ದೀನಿ" ಅಂತ ಹೆಂಡತಿಗೆ ಹೇಳಿ. ಮಗುವಿಗೂ ಅದು ಕೇಳಿಸಲಿ. ಆಮೇಲೆ ಹೋಗಿ ಆ ಟೆಸ್ಟ್ ಪೇಪರ್ ಬಿಚ್ಚಿ, ಯಾವ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಪಕ್ಕದಲ್ಲಿ ಕೂತು ಕೇಳಿ.