ಸಸಿ ಬಾಗಿದರೆ ಮೊದಲು ಬುಡ ನೋಡಿ

ಮೊಳೆತ ಟೊಮೆಟೊ ಸಸಿಗಳು ಬಾಗಿ ಬಿದ್ದರೆ ನೀರು ಸಾಲದಾಗಿದೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಎಲ್ಲ ಸಲವೂ ಹಾಗಲ್ಲ. ದಯವಿಟ್ಟು ನೀರು ಹಾಕುವ ಮುನ್ನ ಒಮ್ಮೆ ಬಗ್ಗಿ ಬುಡ ನೋಡಿ.

ಹೋದ ವಸಂತದಲ್ಲಿ ನನ್ನದೊಂದು ಟ್ರೇ ಪೂರ್ತಿ ಹೋಯಿತು. ರಾತ್ರಿ ನೆಟ್ಟಗಿದ್ದ ಸಸಿಗಳು ಬೆಳಿಗ್ಗೆ ಮಲಗಿದ್ದವು. ಎಲೆ ಇನ್ನೂ ಹಸಿರಾಗೇ ಇತ್ತು, ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ನೆನೆದ ದಾರದ ಹಾಗೆ ಸಣ್ಣಗಾಗಿತ್ತು. ನಾನೂ ಬಾಯಾರಿಕೆ ಎಂದುಕೊಂಡು ಇನ್ನಷ್ಟು ನೀರು ಹಾಕಿ ಉಳಿದವನ್ನೂ ಕಳೆದುಕೊಂಡೆ. ತುಂಬಾ ಸಂಕಟವಾಯಿತು.

ಅದು ಬುಡಕೊಳೆ. ಪಿಥಿಯಂ, ರೈಜೊಕ್ಟೋನಿಯಾದಂಥ ರೋಗಾಣುಗಳು ಸದಾ ಒದ್ದೆಯಾದ, ಗಾಳಿಯಾಡದ ಮಣ್ಣಿನಲ್ಲಿ ಬೇಗ ಹಬ್ಬುತ್ತವೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಮಣ್ಣಿನ ಸಮೇತ ತೆಗೆದುಬಿಡಿ. ಈ ಸಲ ಬೀಜ ವಿರಳವಾಗಿ ಬಿತ್ತಿದೆ. ಹಳೆಯ ಟ್ರೇಗಳನ್ನು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದೆ. ನೀರು ಮೇಲಿಂದ ಹಾಕಲೇ ಇಲ್ಲ. ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು, ಉಳಿದದ್ದನ್ನು ಚೆಲ್ಲಿದೆ. ಮೇಲ್ಮಣ್ಣು ಒಣಗಿದ ಮೇಲೇ ಮತ್ತೆ ನೀರು. ಒಂದೇ ಒಂದು ಸಸಿಯೂ ಬೀಳಲಿಲ್ಲ!

ಸಸಿಗಳನ್ನು 7ರಿಂದ 10 ದಿನ ಹೊರಗಿನ ಬಿಸಿಲಿಗೆ ನಿಧಾನವಾಗಿ ಒಗ್ಗಿಸಬೇಕೆಂದು ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೊಂದು ಸೇರಿಸುತ್ತೇನೆ: ಉದ್ದವಾಗಿ ಸೊರಗಿದ ಟೊಮೆಟೊ ಸಸಿಯನ್ನು ಬಿಸಾಡಬೇಡಿ. ಕೆಳಗಿನ ಎಲೆ ಚಿವುಟಿ ಕಾಂಡವನ್ನು ಆಳವಾಗಿ ಹೂತರೆ, ಹೂತ ಭಾಗದಿಂದಲೇ ಹೊಸ ಬೇರು ಬರುತ್ತದೆ. ಸೌತೆ, ಕುಂಬಳಕ್ಕೆ ಮಾತ್ರ ಹೀಗೆ ಮಾಡಬೇಡಿ.