ಬೂದಿ ಇದ್ದರೆ ಕೊಡಿ

ಮೆಟ್ಟಿಲ ಕೆಳಗೆ ನಾನು ಕೂಡಿಟ್ಟ ತಗಡಿನ ಸಾಮಾನಿಗೆ ಮನೆಯಲ್ಲಿ ಎರಡು ಹೆಸರು. ನಾನು ಅದನ್ನು ‘ಸಾಮಗ್ರಿ’ ಅನ್ನುತ್ತೇನೆ, ಹೆಂಡತಿ ‘ಗುಜರಿ’ ಅನ್ನುತ್ತಾಳೆ. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಡಬ್ಬ, ಮುಚ್ಚಳ ಕಳಕೊಂಡ ನಾಲ್ಕಾರು ಟಿನ್ನುಗಳು, ಹಳೇ ಕಿಟಕಿಯ ಸರಳು, ಯಾವುದೋ ಯಂತ್ರದಿಂದ ಬಿಚ್ಚಿ ಮತ್ತೆ ಎಲ್ಲಿಗೆ ಕೂರಿಸಬೇಕೆಂದು ತಿಳಿಯದೆ ಉಳಿದ ಒಂದು ಜಾಲರಿ, ಮೊಳದುದ್ದದ ಹೊಳೆಯುವ ಕೊಳವೆ. ಇವನ್ನು ಎಸೆಯುವ ಮಾತು ಬಂದಾಗಲೆಲ್ಲ ನನ್ನ ಬಳಿ ಇದ್ದದ್ದು ಒಂದೇ ವಾದ: “ಮುಂದೆ ಬೇಕಾಗುತ್ತೆ.” ಆ ‘ಮುಂದೆ’ ಕೊನೆಗೂ ಒಂದು ಭಾನುವಾರ ಬೆಳಿಗ್ಗೆ ಬಂತು. ರಾಕೆಟ್ ಒಲೆಯ ನಕ್ಷೆ ನನ್ನ ಕಣ್ಣಿಗೆ ಬಿದ್ದದ್ದು ಅವತ್ತು.

ನಕ್ಷೆ ಅನ್ನುವುದೂ ದೊಡ್ಡ ಮಾತೇ. ಇಂಗ್ಲಿಷಿನ ‘ಎಲ್’ ಅಕ್ಷರ, ಅಷ್ಟೇ. ಅಡ್ಡ ಮಲಗಿದ ಒಂದು ಕೊಳವೆ, ಅದರ ತುದಿಗೆ ನೆಟ್ಟಗೆ ನಿಂತ ಇನ್ನೊಂದು. ಅಡ್ಡ ಕೊಳವೆಯಲ್ಲಿ ಕಡ್ಡಿ ತೂರಿಸು, ಮೂಲೆಯಲ್ಲಿ ಬೆಂಕಿ ಹಚ್ಚು, ನಿಂತ ಕೊಳವೆಯ ಬಾಯಿಗೆ ಪಾತ್ರೆ ಇಡು. ಲ್ಯಾರಿ ವಿನಿಯಾರ್ಸ್ಕಿ ಎಂಬುವರು 1980ರ ದಶಕದ ಆರಂಭದಲ್ಲಿ ಅಮೆರಿಕದ ಒರೆಗಾನ್‌ನ ಅಪ್ರೊವೆಚೊ ಸಂಶೋಧನಾ ಕೇಂದ್ರದಲ್ಲಿ ಇದರ ಸೂತ್ರಗಳನ್ನು ಕಟ್ಟಿದರು. ಹೊಗೆ ಅಂದರೆ ಪೂರ್ತಿ ಉರಿಯದೆ ತಪ್ಪಿಸಿಕೊಂಡ ಸೌದೆ. ಅದನ್ನು ಕಾದ ಕೊಳವೆಯೊಳಗೇ ತಡೆದು, ಗಾಳಿ ಬೆರೆಸಿ ಸುಟ್ಟುಬಿಟ್ಟರೆ ಕಣ್ಣುರಿಯೂ ಇಲ್ಲ, ಸೌದೆಯೂ ಉಳಿಯಿತು. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನೇ ಮಗುಚಿಹಾಕಿ, ಹೊಗೆಯಿಲ್ಲದೆ ಬೆಂಕಿ ಮಾಡಿದ ಆ ಮಹಾನುಭಾವರ ಮೇಲೆ ನನಗೆ ಕೂಡಲೇ ಭಕ್ತಿ ಹುಟ್ಟಿತು. ಮುಂದಿನ ಮೂರು ವಾರ ನಾನು ಗಾದೆಯನ್ನು ಇನ್ನೊಂದು ದಿಕ್ಕಿಗೆ ಮಗುಚಿ, ಬೆಂಕಿಯಿಲ್ಲದೆ ಹೊಗೆಯಾಡಿಸಿದೆ.

ಮೊದಲು ಕೈ ಹೋದದ್ದು ಹೊಳೆಯುವ ಕೊಳವೆಗೆ. ಅದನ್ನು ಒರೆಸಿ, ಅಳೆದು, ಗುರುತು ಹಾಕುತ್ತಿರುವಾಗ ವೆಲ್ಡಿಂಗ್ ಬಲ್ಲ ಗೆಳೆಯನೊಬ್ಬ ಬೇರಾವುದೋ ಕೆಲಸಕ್ಕೆ ಬಂದವನು ಬಾಗಿಲಲ್ಲೇ ನಿಂತ.

“ಇದನ್ನ ಬೆಂಕಿಗೆ ಹಾಕ್ತೀಯಾ?”

“ಹೂಂ. ಯಾಕೆ?”

“ಗ್ಯಾಲ್ವನೈಸ್ಡು. ಹೊಳೀತಿರೋದು ಸತು ಕಣೋ. 420 ಡಿಗ್ರಿ ಹತ್ತಿರ ಕರಗುತ್ತೆ, 907ಕ್ಕೆ ಕುದ್ದು ಆವಿಯಾಗುತ್ತೆ. ಆ ಬಿಳಿ ಹೊಗೆ ಕುಡಿದು ಹಗಲು ಆರಾಮಾಗಿರ್ತೀಯ. ರಾತ್ರಿ ಶುರು ನೋಡು, ಚಳಿಜ್ವರ, ಮೈಕೈ ನೋವು. ನಾನು ಒಂದ್ಸಲ ಅನುಭವಿಸಿದೀನಿ.” ಇಷ್ಟು ಹೇಳಿ, ಕೊಳವೆಯನ್ನು ತಾನೇ ಎತ್ತಿಕೊಂಡು ಹೋದ. ನನ್ನ ಆರೋಗ್ಯದ ಕಾಳಜಿಯೋ ಕೊಳವೆಯ ಮೇಲಿನ ಆಸೆಯೋ ಈಗಲೂ ಸ್ಪಷ್ಟವಿಲ್ಲ, ಆದರೆ ಹೇಳಿದ್ದು ಮಾತ್ರ ನಿಜ. ಆಮೇಲೆ ಪೇಂಟ್ ಡಬ್ಬವನ್ನೂ ಬಯಲಲ್ಲಿಟ್ಟು, ಮುಚ್ಚಳ ತೆಗೆದು, ಒಳಗೆ ಉಳಿದ ಬಣ್ಣದ ಸಿಪ್ಪೆಯೆಲ್ಲ ಕೆರೆದೇ ಮುಂದುವರಿದೆ.

ಕೊಳವೆ ಹೋದ ಮೇಲೆ ಉಳಿದದ್ದು ಟಿನ್ನುಗಳು. ಹತ್ತು ಸೆಂಟಿಮೀಟರ್ ಅಗಲದವು ಮೂರು ಬೇಕು, ಎರಡನ್ನು ಒಂದರ ಮೇಲೊಂದು ನಿಲ್ಲಿಸಲು, ಒಂದನ್ನು ಅಡ್ಡ ಮಲಗಿಸಲು. ನನ್ನಲ್ಲಿ ಎರಡಿದ್ದವು. ಮೂರನೆಯದು ಬಚ್ಚಲ ಕಿಟಕಿಯಲ್ಲಿ ಬಟ್ಟೆ ಕ್ಲಿಪ್ಪುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು. ಕ್ಲಿಪ್ಪುಗಳನ್ನು ಒಂದು ಚೀಲಕ್ಕೆ ಸುರಿದು ಡಬ್ಬ ತಂದೆ. ಈ ಚಿಕ್ಕ ಸಂಗತಿಯನ್ನು ಮನೆಯವರಿಗೆ ತಿಳಿಸುವ ಅಗತ್ಯ ಆಗ ಕಾಣಲಿಲ್ಲ.

ಈಗ ತೂತಿನ ವಿಷಯಕ್ಕೆ ಬರೋಣ. ಈ ಒಲೆಯ ಬಗ್ಗೆ ಬರೆಯುವವರೆಲ್ಲರೂ “ನಿಂತ ಟಿನ್ನಿನ ಪಕ್ಕಕ್ಕೆ ಒಂದು ರಂಧ್ರ ಕೊರೆದು ಅಡ್ಡ ಟಿನ್ನನ್ನು ಸೇರಿಸಿ” ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ದೂರದ ಬೆಟ್ಟ ನುಣ್ಣಗೆ. ಕಾಗದದ ಮೇಲೆ ವೃತ್ತ ಬರೆಯುವುದೇ ಬೇರೆ. ದುಂಡಗಿನ ಡಬ್ಬದ ಮೈಮೇಲೆ ದುಂಡಗಿನ ಇನ್ನೊಂದು ಡಬ್ಬ ಹೊಗುವ ತೂತು ಬರೆಯುವುದೇ ಬೇರೆ. ಡಬ್ಬದ ಬೆನ್ನು ಬಾಗಿರುವುದರಿಂದ ಆ ಗೆರೆ ವೃತ್ತವೂ ಅಲ್ಲದ, ಮೊಟ್ಟೆಯೂ ಅಲ್ಲದ ಏನೋ ಒಂದು ಆಕಾರ ತಾಳುತ್ತದೆ. ನಾನು ಕೈವಾರ ಇಟ್ಟು ಎಳೆದೆ. ಕೈವಾರದ ಮುಳ್ಳು ಜಾರಿತು. ಪೆನ್ಸಿಲ್ ಇಟ್ಟು ಎಳೆದೆ, ಡಬ್ಬ ಉರುಳಿತು. ಕಾಲುಗಳ ನಡುವೆ ಡಬ್ಬ ಅಮುಕಿ ಹಿಡಿದು, ನಾಲಗೆ ಹೊರಚಾಚಿ (ನಾಲಗೆ ಹೊರಗಿದ್ದರೆ ಕೈ ನಡುಗುವುದಿಲ್ಲ ಎಂಬುದು ಚಿಕ್ಕಂದಿನ ನಂಬಿಕೆ) ಅಂತೂ ಒಂದು ಗೆರೆ ಮೂಡಿಸಿದೆ. ಮಧ್ಯಕ್ಕೆ ಮೊಳೆ ಹೊಡೆದು, ತಗಡು ಕತ್ತರಿಯಿಂದ ನಡುವಿನಿಂದ ಗೆರೆಯತನಕ ಸೀಳಿ, ಸೀಳುಗಳನ್ನು ಹೂವಿನ ಎಸಳಿನಂತೆ ಹೊರಗೆ ಬಗ್ಗಿಸಬೇಕು. ಎಸಳುಗಳೇನೋ ಅರಳಿದವು. ಒಂದೊಂದು ಎಸಳೂ ಒಂದೊಂದು ಬೆರಳನ್ನು ಕುಯ್ದಿತು. ತಗಡಿನ ಕೆಲಸಕ್ಕೆ ದಪ್ಪ ಕೈಗವಸು ಬೇಕೆಂದು ಎಲ್ಲ ಕಡೆ ಬರೆದಿರುತ್ತಾರೆ. ನನ್ನ ಹತ್ತಿರವೂ ಒಂದು ಜೊತೆ ಇತ್ತು, ಅದೇ ಮೆಟ್ಟಿಲ ಕೆಳಗೆ, ಎಲ್ಲ ಸಾಮಗ್ರಿಯ ಅಡಿಯಲ್ಲಿ.

ಅದು ಒಳಗಿನ ತೂತು. ಹೊರಗಿನ ಪೇಂಟ್ ಡಬ್ಬಕ್ಕೂ ಅದೇ ಅಳತೆಯ ತೂತು ಬೇಕು, ಅಡ್ಡ ಟಿನ್ನಿನ ಬಾಯಿ ಹೊರಗೆ ಬರಲು. ಎರಡಕ್ಕೂ ಗುರುತು ಹಾಕುವಾಗ ನಾನು ಬಹಳ ಶಿಸ್ತಿನಿಂದ ತಳದಿಂದ ಸರಿಯಾಗಿ ಒಂದಿಂಚು ಬಿಟ್ಟೆ. ಕತ್ತರಿಸಿದೆ. ಒಳಡಬ್ಬವನ್ನು ಹೊರಡಬ್ಬದಲ್ಲಿ ಇಳಿಸಿದೆ. ತೂತಿಗೆ ತೂತು ಕೂಡಿತು. ಆ ಹತ್ತು ನಿಮಿಷ ನನಗಿಂತ ಸುಖಿಯಾದ ಮನುಷ್ಯ ಭೂಮಿಯ ಮೇಲೆ ಇರಲಿಕ್ಕಿಲ್ಲ. ಆಮೇಲೆ ನೆನಪಾಯಿತು, ಒಳಡಬ್ಬದ ಕೆಳಗೂ ಎರಡಿಂಚು ಶಾಖ ತಡೆಯುವ ಪದರ ಹಾಕಬೇಕು. ಹಾಕಿದರೆ ಒಳಗಿನದು ಎರಡಿಂಚು ಮೇಲೇಳುತ್ತದೆ. ಹೊರಗಿನ ತೂತು ಮಾತ್ರ ಇದ್ದಲ್ಲೇ ಇರುತ್ತದೆ. ತೂತನ್ನು ಮೇಲಕ್ಕೆ ಹಿಗ್ಗಿಸಿ, ಕೆಳಗೆ ಉಳಿದ ಬಾಯಿಗೆ ಒಂದು ತಗಡಿನ ತೇಪೆ ಹಾಕಿದೆ. ಅಲ್ಲಿಗೆ ಒಲೆಗೆ ಕೆಳದುಟಿ ಜೋತುಬಿದ್ದ ಮುದುಕನ ಕಳೆ ಬಂತು.

ಎರಡು ಡಬ್ಬಗಳ ನಡುವಿನ ಜಾಗ ತುಂಬಲು ಮರಳು ಸುರಿದೆ. ಇದು ನನ್ನ ಸ್ವಂತ ಬುದ್ಧಿ. ಮರಳು ಗಟ್ಟಿ, ಭಾರ, ಉರಿಯುವುದಿಲ್ಲ. ಒಲೆಗೆ ಇನ್ನೇನು ಬೇಕು? ಸುಮಾರು 25 ಕೆಜಿ ಹಿಡಿಯಿತು. ಅಷ್ಟಾದ ಮೇಲೆ ಒಲೆಯನ್ನು ಮೆಟ್ಟಿಲ ಬುಡದಿಂದ ಅಂಗಳಕ್ಕೆ ಸಾಗಿಸಬೇಕಲ್ಲ, ತುಂಬುವ ಮೊದಲು ಸಾಗಿಸಬಹುದಿತ್ತು ಎಂದು ಹೆಂಡತಿ ಹೇಳಿದ್ದು ನಾನು ಅರ್ಧ ದಾರಿಯಲ್ಲಿ ಸೊಂಟ ಹಿಡಿದು ನಿಂತಾಗ. ಸಾಗಿಸುವ ಕುಲುಕಾಟಕ್ಕೆ ಎಸಳುಗಳ ಸಂದಿ ಅಗಲವಾಗಿತ್ತು. ಅಂಗಳ ಮುಟ್ಟುವಷ್ಟರಲ್ಲಿ ಒಲೆಯ ಬಾಯಿಂದ ಸಣ್ಣಗೆ, ಸದ್ದಿಲ್ಲದೆ, ನಿಲ್ಲದೆ ಮರಳು ಸೋರತೊಡಗಿತು. ಮನೆಯೊಳಗಿಂದ ಅಂಗಳದವರೆಗೆ ಒಂದು ಗೆರೆ. ಇಪ್ಪತ್ತು ಲೀಟರಿನ ಮರಳು ಗಡಿಯಾರ ತಯಾರಾಗಿತ್ತು. ಸಂದಿಗೆ ಜೇಡಿಮಣ್ಣು ಮೆತ್ತಿ ಸಮಯವನ್ನು ನಿಲ್ಲಿಸಿದೆ.

ಉದ್ಘಾಟನೆಗೆ ಮನೆಮಂದಿಯನ್ನೆಲ್ಲ ಕರೆದದ್ದು ತಪ್ಪು.

ಒಲೆಯ ಬಾಯಿಯನ್ನು ಒಂದು ತಗಡಿನ ಹಲಗೆ ಅಡ್ಡಲಾಗಿ ಎರಡು ಭಾಗ ಮಾಡುತ್ತದೆ. ಮೇಲಿನದರಲ್ಲಿ ಸೌದೆ, ಕೆಳಗಿನದು ಖಾಲಿ. ಗಾಳಿ ಅಲ್ಲಿಂದ ಒಳಗೆ ಹೋಗಬೇಕು. ನಾನು ಹಲಗೆ ಹಾಕಿದ್ದೆ. ಆದರೆ ಅಷ್ಟು ಒಳ್ಳೆಯ ಜಾಗ ಕೆಳಗೆ ಖಾಲಿ ಬಿದ್ದಿರುವುದನ್ನು ನೋಡಲಾಗದೆ ಅಲ್ಲಿಗೂ ಸೌದೆ ತುರುಕಿದ್ದೆ. ಮೆಟ್ಟಿಲ ಕೆಳಗಿನ ಜಾಗಕ್ಕೂ ನಾನು ಇದನ್ನೇ ಮಾಡುವುದು, ಅಂದಳು ಹೆಂಡತಿ. ಸೌದೆಯೂ ಪೂರ್ತಿ ಒಣಗಿರಲಿಲ್ಲ. ಕಡ್ಡಿ ಗೀರಿದೆ. ಒಂದು ಕ್ಷಣ ಏನೂ ಆಗಲಿಲ್ಲ. ನಂತರ ಮೇಲಿನಿಂದ ಬರಬೇಕಾದ ಹೊಗೆ ಕೆಳಗಿನ ಬಾಯಿಂದ, ಅದಕ್ಕೇ ಬಾಗಿ ಊದುತ್ತಿದ್ದ ನನ್ನ ಮುಖಕ್ಕೆ ನೇರವಾಗಿ ಬಂತು. ಅದರ ಬಣ್ಣ ಹಳದಿ, ಗಾತ್ರ ದಿಂಬಿನಷ್ಟು. ಕೊಳವೆ ತಣ್ಣಗಿದ್ದರೆ ಅದು ಗಾಳಿಯನ್ನು ಮೇಲಕ್ಕೆ ಎಳೆಯುವುದಿಲ್ಲ. ಮೊದಲು ಕೊಳವೆಯೊಳಗೆ ಒಂದು ಉಂಡೆ ಕಾಗದ ಉರಿಸಿ ಅದನ್ನು ಬೆಚ್ಚಗೆ ಮಾಡಬೇಕು ಎಂಬುದನ್ನು ನಾನು ಓದಿದ್ದೆ, ಆದರೆ ಆ ಗಳಿಗೆಯಲ್ಲಿ ನನಗೆ ಓದಿದ್ದಿರಲಿ, ಬಾಗಿಲು ಯಾವ ಕಡೆಗಿದೆ ಎಂಬುದೂ ನೆನಪಾಗುತ್ತಿರಲಿಲ್ಲ. ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡ ಸದ್ದು ಮಾತ್ರ ಕೇಳಿತು. ಮಗಳು ಕೆಮ್ಮುತ್ತಲೇ, “ಅಪ್ಪಾ, ರಾಕೆಟ್ ಹಾರಿತಾ?” ಅಂತ ಕೇಳಿದಳು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ಸೌದೆ ಹಸಿ ಎಂದೆ. ವಾರವಿಡೀ ಒಣಗಿಸಿ, ತೆಳ್ಳಗೆ ಸೀಳಿ, ಕೆಳಬಾಯಿ ಖಾಲಿ ಬಿಟ್ಟು, ಕಾಗದ ಉರಿಸಿ ಮತ್ತೆ ಹಚ್ಚಿದೆ. ಈ ಸಲ ಬೆಂಕಿ ಹಿಡಿಯಿತು. ಒಂದು ಲೀಟರ್ ನೀರಿಟ್ಟು ಗಡಿಯಾರ ನೋಡುತ್ತ ಕೂತೆ. ನಲವತ್ತು ನಿಮಿಷದ ಮೇಲೆ ಬೆರಳದ್ದಿ ನೋಡಿದರೆ ನೀರು ಹಿತವಾಗಿತ್ತು. ಹೊರಡಬ್ಬ ಮುಟ್ಟಿದೆ, ಅದೂ ಹಿತವಾಗಿತ್ತು. ಅಷ್ಟು ಸೌದೆಯ ಶಾಖವನ್ನು ಮರಳು ಸದ್ದಿಲ್ಲದೆ ಕುಡಿದು ಕೂತಿತ್ತು. ಬೆಂಕಿ ಆರಿಸಿದ ಎಷ್ಟೋ ಹೊತ್ತಿನ ಮೇಲೂ ಬೀದಿ ಬೆಕ್ಕೊಂದು ಒಲೆಗೆ ಬೆನ್ನು ತಾಗಿಸಿ ಮಲಗಿತ್ತು.

ಆಗ ಮರಳಿ ಓದಿದೆ. ಸುತ್ತ ತುಂಬುವುದು ಭಾರವಾಗಿರಬಾರದು, ಹಗುರವಾಗಿರಬೇಕು. ಒಳಗೆ ಸಣ್ಣ ಸಣ್ಣ ಗಾಳಿ ಗೂಡುಗಳಿರುವ ವಸ್ತು ಶಾಖವನ್ನು ತಡೆಯುತ್ತದೆ. ಮರಳು, ಸಿಮೆಂಟು, ದಪ್ಪ ಕಲ್ಲು ಅದನ್ನು ನುಂಗುತ್ತವೆ. ಕೊಳವೆಯ ಒಳಮೈ ಬೇಗ ಕೆಂಪಗೆ ಕಾಯದಿದ್ದರೆ ಹೊಗೆ ಸುಡುವುದೇ ಇಲ್ಲ. ಪರ್ಲೈಟ್, ವರ್ಮಿಕ್ಯುಲೈಟ್ ಎಂಬ ಕಾಯಿಸಿ ಉಬ್ಬಿಸಿದ ಹಗುರ ಖನಿಜಗಳನ್ನೋ, ಪ್ಯೂಮಿಸ್ ಎಂಬ ತೂತು ತೂತಿನ ಜ್ವಾಲಾಮುಖಿ ಕಲ್ಲನ್ನೋ ಹಾಕಬಹುದು. ಯಾವುದೂ ಇಲ್ಲದವರು ಸೌದೆಯ ಬೂದಿ ಹಾಕಬಹುದು, ಅದು ಪುಕ್ಕಟೆ.

ಪುಕ್ಕಟೆ! ಒಲೆ ಮಾಡಲು ಬೂದಿ ಬೇಕು, ಬೂದಿಗೆ ಒಲೆ ಬೇಕು. ಲೆಕ್ಕ ಹಾಕಿದೆ. ಒಂದು ಕೆಜಿ ಒಣ ಸೌದೆ ಉರಿದರೆ ಹತ್ತಿಪ್ಪತ್ತು ಗ್ರಾಂ ಬೂದಿ ಸಿಕ್ಕೀತು. ನನ್ನ ಡಬ್ಬ ತುಂಬಲು ಏನಿಲ್ಲವೆಂದರೂ ಏಳೆಂಟು ಕೆಜಿ ಬೂದಿ ಬೇಕು. ಅಂದರೆ ಸೌದೆ ಉಳಿಸುವ ಒಲೆ ತಯಾರಿಸಲು ನಾನು ಮೊದಲು ಐದಾರು ನೂರು ಕೆಜಿ ಸೌದೆ ಸುಡಬೇಕು. ಲೆಕ್ಕದ ಹಾಳೆಯನ್ನು ಹೆಂಡತಿಗೆ ಸಿಗದಂತೆ ಮಡಚಿಟ್ಟು ಕೈಯಲ್ಲಿ ಬಕೆಟ್ ಹಿಡಿದು ಹೊರಟೆ.

ಪಕ್ಕದ ಮನೆಯ ಹಿರಿಯರು ತೋಟದ ಕಸಕಡ್ಡಿ ಸುಡುವುದನ್ನು ನೋಡಿದ್ದೆ. “ಬೂದಿ ಇದ್ದರೆ ಸ್ವಲ್ಪ ಕೊಡಿ,” ಅಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಏಣಿ ಕೇಳಿಕೊಂಡು ಬಂದವರನ್ನ ನೋಡಿದೀನಿ, ಸುತ್ತಿಗೆ ಕೇಳಿಕೊಂಡು ಬಂದವರನ್ನ ನೋಡಿದೀನಿ. ಎಷ್ಟು ಬೇಕು?” “ಹದಿನೇಳು ಲೀಟರು.” ಅವರು ಒಳಗೆ ಹೋಗಿ ತಮ್ಮ ಹೆಂಡತಿಯ ಜೊತೆ ಮೆಲ್ಲಗೆ ಮಾತಾಡಿದರು. ಅವತ್ತು ಕಿಟಕಿ ಮುಚ್ಚಿದ್ದು ಇವರೇ. ಹೊಗೆ ಮತ್ತೆ ಬರುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಗುಂಡಿ ತೋರಿಸಿದರು. ಜರಡಿ ಹಿಡಿಯುವಾಗ ಗಾಳಿ ಬೀಸಿತು. ಮನೆಗೆ ಬಂದಾಗ ನನ್ನನ್ನು ಗುರುತು ಹಿಡಿದದ್ದು ಬೆಕ್ಕು ಮಾತ್ರ.

ಬೂದಿ ತುಂಬಿದ ಒಲೆ ಬೇರೆಯೇ ಒಲೆ. ಒಂದು ಕೈಯಲ್ಲಿ ಎತ್ತಬಹುದು. ಹೆಬ್ಬೆರಳು ಗಾತ್ರದ ನಾಲ್ಕು ಕಡ್ಡಿ ಇಟ್ಟು ಹಚ್ಚಿದೆ. ಎರಡೇ ನಿಮಿಷಕ್ಕೆ ಹೊಗೆ ಮಾಯವಾಗಿ, ಕೊಳವೆಯೊಳಗೆ ಗುರ್ರ್ ಎಂಬ ಸದ್ದು ಹುಟ್ಟಿತು. ಬೆಂಕಿ ಅಡ್ಡ ಬಂದು, ಮೂಲೆ ತಿರುಗಿ, ಮೇಲಕ್ಕೆ ಹರಿದು ಹೋಗುತ್ತಿತ್ತು. ಊದುವ ಕೆಲಸವೇ ಇಲ್ಲ. ನಾನು ಎಲ್ಲರನ್ನೂ ಕೂಗಿ ಕರೆದು, ಅವರ ಕಣ್ಣೆದುರು ಗಂಭೀರವಾಗಿ ಪಾತ್ರೆಯನ್ನು ಕೊಳವೆಯ ಬಾಯಿಯ ಮೇಲೆ ಸರಿಯಾಗಿ, ಮುಚ್ಚಳದಂತೆ, ಇಟ್ಟೆ.

ಗುರ್ರ್ ನಿಂತಿತು. ಕೆಳಗಿನ ಬಾಯಿಂದ ನನಗೆ ಈಗಾಗಲೇ ಪರಿಚಯವಿದ್ದ ಹಳದಿ ದಿಂಬು ಹೊರಬಂತು. ಪಕ್ಕದ ಮನೆಯ ಕಿಟಕಿ ಮುಚ್ಚಿತು.

ತಪ್ಪು ಹಿಡಿದದ್ದು ಹೆಂಡತಿ. “ಮೂಗು ಮುಚ್ಚಿದ್ರೆ ಯಾರಾದ್ರೂ ಉಸಿರಾಡ್ತಾರಾ?” ಅಂದು ಪಾತ್ರೆ ಎತ್ತಿದಳು. ಬೆಂಕಿ ಮತ್ತೆ ಗುರುಗುಟ್ಟಿತು. ಹಳೇ ಕಿಟಕಿ ಸರಳಿನ ಮೂರು ತುಂಡು ಕೊಳವೆಯ ಸುತ್ತ ನಿಲ್ಲಿಸಿ, ಒಂದು ಬೆರಳಿನಷ್ಟು ಸಂದಿ ಬಿಟ್ಟು ಪಾತ್ರೆ ಕೂರಿಸಿದೆವು. ಗಾಳಿಗೆ ಉರಿ ಆಚೀಚೆ ಹೋಗುತ್ತಿದ್ದುದರಿಂದ ಉಳಿದ ತಗಡನ್ನು ಪಾತ್ರೆಯ ಸುತ್ತ ಲಂಗದಂತೆ ಬಳಸಿದವಳೂ ಅವಳೇ. ತಜ್ಞರೂ ಅದನ್ನು ಪಾತ್ರೆಯ ಲಂಗ ಅಂತಲೇ ಕರೆಯುತ್ತಾರೆ ಎಂಬುದನ್ನು ನಾನು ಆಮೇಲೆ ಓದಿ, ಅವಳಿಗೆ ಹೇಳಲಿಲ್ಲ. ಹನ್ನೊಂದು ನಿಮಿಷಕ್ಕೆ ಒಂದು ಲೀಟರ್ ನೀರು ಕುದಿಯಿತು. ಕುದಿಯುವ ನೀರನ್ನು ಸುತ್ತ ನಿಂತು ನೋಡಿದೆವು. ಯಾರಿಗೂ ಬಿಸಿನೀರು ಬೇಕಿರಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಕೊಳವೆಯ ಎತ್ತರ ಅಗಲದ ಮೂರರಷ್ಟಿದ್ದರೆ ಇಷ್ಟು ಚೆನ್ನಾಗಿ ಉರಿಯುವಾಗ, ಆರರಷ್ಟಾದರೆ? ಇನ್ನೂ ಎರಡು ಟಿನ್ನು ಏರಿಸಿದೆ. ಸದ್ದು ಭರ್ಜರಿಯಾಯಿತು, ಕಣ್ಣಿಗೆ ಕಾಣುವ ಹೊಗೆ ಇಲ್ಲವೇ ಇಲ್ಲ. ಆದರೆ ಹೆಚ್ಚಿದ ಎಳೆತಕ್ಕೆ ತಣ್ಣನೆ ಗಾಳಿಯೂ ಧಾರಾಳವಾಗಿ ನುಗ್ಗಿ, ಪಾತ್ರೆ ಮುಟ್ಟುವ ಹೊತ್ತಿಗೆ ಉರಿಯ ಬಿಸಿ ಇಳಿದಿತ್ತು. ಸದ್ದು ಕೇಳಿದರೆ ವಿಮಾನ, ನೀರು ಮುಟ್ಟಿದರೆ ಎತ್ತಿನಗಾಡಿ. ಇಳಿಸಿದೆ.

ಈಗ ಆರು ತಿಂಗಳಾಯಿತು. ಒಲೆ ಅಂಗಳದಲ್ಲೇ ಇದೆ. ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ವಿಷ. ಹೊಗೆ ಕಾಣದ ಮಾತ್ರಕ್ಕೆ ಒಲೆಯನ್ನು ಒಳಗೆ ತರುವಂತಿಲ್ಲ. ಪಕ್ಕದ ಮನೆಯವರಿಗೆ ಒಂದು ಡಬ್ಬ ಬೂದಿ ಹಿಂದಿರುಗಿಸಿದ್ದೇನೆ, ಬಾಕಿ ಇನ್ನೂ ಇದೆ. ಕಳೆದ ವಾರ ಒಳಡಬ್ಬವನ್ನು ಕೆರೆದು ಶುಚಿ ಮಾಡಲು ಹೋದೆ, ಬೆರಳು ಸೀದಾ ಆಚೆಗೆ ತೂರಿತು. ಅಂಥ ಉರಿಗೆ ತೆಳು ತಗಡು ದಿನಾ ಒಂದೊಂದು ಪದರ ತುಕ್ಕಾಗಿ ಉದುರುತ್ತದೆ, ಕೆಲವೇ ತಿಂಗಳಲ್ಲಿ ಹಪ್ಪಳೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಾದರೆ ಬಾಳಿಕೆ ಹೆಚ್ಚು. ಹತ್ತು ಸೆಂಟಿಮೀಟರ್ ಅಗಲದ್ದು ಸಿಗಬೇಕು.

ನಾನು ಏನೂ ಹೇಳಿರಲಿಲ್ಲ. ಅಳತೆಪಟ್ಟಿಯನ್ನು ಜೇಬಿಗಿಟ್ಟುಕೊಂಡು ಅಡುಗೆಮನೆಯ ಕಡೆ ಸುಮ್ಮನೆ ಹೋಗಿದ್ದೆ, ಅಷ್ಟೇ. ಕಪಾಟಿನ ಸ್ಟೀಲ್ ಡಬ್ಬಗಳ ತಳಕ್ಕೆಲ್ಲ ಬಿಳಿ ಬಣ್ಣದಲ್ಲಿ ಒಂದರಿಂದ ಹದಿನಾಲ್ಕರವರೆಗೆ ನಂಬರ್ ಬಿದ್ದಿತ್ತು. ಕೊನೆಯಲ್ಲಿದ್ದ ಒಂದು ಚೀಲಕ್ಕೂ ಚೀಟಿ ಅಂಟಿಸಿತ್ತು: ‘ಕ್ಲಿಪ್ಪು. ಡಬ್ಬ ಬರಬೇಕಾಗಿದೆ.’